ಒಂದೂ ಇಪ್ಪತ್ತರ ನೆರಳು

ಆ ನಕ್ಷೆ ಮೂರನೆಯ ಸಲ ಅವಳ ಮೇಜಿಗೆ ಬಂತು, ಪದ್ಯದ ಪಲ್ಲವಿಯಂತೆ, ಒಂದು ಗೆರೆಯೂ ಬದಲಾಗದೆ.

ಕಟ್ಟಡ ಪರವಾನಗಿ ಕಚೇರಿಯಲ್ಲಿ ದೊಡ್ಡ ಮಳಿಗೆಗಳ ಹೊರಮೈ ಪರಿಶೀಲಿಸುವುದು ಅವಳ ಕೆಲಸ. ಮೂವತ್ತು ಅಡಿ ಮೀರಿ ಬೋಳು ಗೋಡೆ ಇರಕೂಡದು. ಬಣ್ಣ ಕಣ್ಣಿಗೆ ಹೊಡೆಯಕೂಡದು. ಸಜ್ಜಾ, ಕೂರುವ ಕಟ್ಟೆ ಏನಿದ್ದರೂ ಗಿರಾಕಿಗಳ ಬಾಗಿಲ ಬಳಿ ಮಾತ್ರ. ಈ ಆರ್ಕಿಟೆಕ್ಟ್ ಎಲ್ಲವನ್ನೂ ಪಾಲಿಸಿ, ಹಿಂದಿನ ಗೋಡೆಗೆ ಮಾತ್ರ ಹದಿನೈದು ಅಡಿ ಸಜ್ಜಾ ಎಳೆದು, ಕೆಳಗೊಂದು ಕಟ್ಟೆ ಕೂರಿಸಿದ್ದ. ಅವಳು ಎರಡು ಸಲ ಕೆಂಪು ಶಾಯಿಯಲ್ಲಿ ಹೊಡೆದಿದ್ದಳು. ಮೂರನೆಯ ಸಲವೂ ತಿರಸ್ಕರಿಸಿದರೆ ಫೈಲೇ ಮುಚ್ಚಿಹೋಗುತ್ತದೆ.

"ಹಿಂದ್ಗಡೆ ಬಾಗಿಲೇ ಇಲ್ಲ. ಅಲ್ಲಿ ಯಾರ್ರೀ ಕೂರ್ತಾರೆ?" ಎಂದು ಮೇಜಿನೆದುರು ನಿಂತಿದ್ದ ಅವನನ್ನು ಕೇಳಿದಳು.

"ಕೂರೋರು ಇದ್ದಾರೆ ಮೇಡಂ."

"ಯಾರು, ಗೋಡೌನ್ ಬೆಕ್ಕಾ?"

"ಬೆಕ್ಕಲ್ಲ. ಸಿಟ್ಟು ಮಾತ್ರ ಬೆಕ್ಕಿನದ್ದೇ."

ತುಟಿಯಂಚಿಗೆ ಬಂದ ನಗುವನ್ನು ನುಂಗಿ ಅವನು ಕಿಟಕಿಯತ್ತ ನೋಡಿದ. ಅವಳು ನಕ್ಷೆಯತ್ತ ಬಾಗಿದಳು. ಮೂರು ಗೋಡೆಗಳ ನೆರಳನ್ನು ಬೆಳಗಿನ ಹತ್ತು ಗಂಟೆಯ ಬಿಸಿಲಿನ ಲೆಕ್ಕದಲ್ಲಿ ಬರೆದಿದ್ದ. ಹಿಂದಿನ ಗೋಡೆಯ ಪಕ್ಕದಲ್ಲಿ ಮಾತ್ರ ಸಣ್ಣ ಅಕ್ಷರ: ಮಧ್ಯಾಹ್ನ ಒಂದೂ ಇಪ್ಪತ್ತು.

ಅದು ಅವಳ ಬಸ್ಸಿನ ಹೊತ್ತು. ಕಿಟಕಿಯಾಚೆ, ಮಳಿಗೆ ಏಳಲಿರುವ ಖಾಲಿ ಜಾಗದ ಹಿಂಬದಿಗೇ ಅಂಟಿಕೊಂಡು ಬಸ್ ನಿಲ್ದಾಣದ ಒಂಟಿ ಕಂಬ. ಊಟಕ್ಕೆ ಮನೆಗೆ ಹೋಗಲು ದಿನವೂ ಅಲ್ಲಿ ಅವಳು ತಲೆಯ ಮೇಲೆ ಫೈಲು ಹಿಡಿದು ನಿಲ್ಲುತ್ತಿದ್ದಳು.

ಅವಳು ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು. ಒಳಗೆ ಎದ್ದದ್ದು ಸಂತೋಷವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಸಹಿಗಾಗಿ ಮಾತಲ್ಲಿ ಜೇನು ಸುರಿಸಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುತ್ತಿದ್ದಳು ಅಮ್ಮ. ಆದರೆ ಹಾಲೂ ಬೆಳ್ಳಗೇ ಇರುತ್ತದಲ್ಲ.

"ಇದು ನನಗೋಸ್ಕರ ಹಾಕಿದ್ದಾ, ಸಹಿಗೋಸ್ಕರ ಹಾಕಿದ್ದಾ?"

ಅವನ ಕಿವಿ ಕೆಂಪಾಯಿತು. "ಫೈಲು ನಿಮ್ಮ ಮೇಜಿನ ಮೇಲಿರೋ ತನಕ ನಾನೇನು ಹೇಳಿದ್ರೂ ನೀವು ನಂಬಲ್ಲ. ಅದಕ್ಕೇ ಸುಮ್ನಿದ್ದೆ."

"ಮೇಷ್ಟ್ರ ಮೇಜಿಗೆ ಹೋದ್ರೆ ಸಜ್ಜಾ ಉಳಿಯಲ್ಲ."

ಪಕ್ಕದ ಕೋಣೆಯ ಹಿರಿಯ ಅಧಿಕಾರಿ ಕೂದಲೆಳೆಯನ್ನೂ ಬಿಡದೆ ಅಳೆಯುವವರು. ಕಚೇರಿಗೆಲ್ಲ ಅವರು ಸ್ಕೇಲು ಮೇಷ್ಟ್ರು.

"ಹೋಗ್ಲಿ ಬಿಡಿ," ಎಂದ ಅವನು. ಕಣ್ಣು ತಗ್ಗಿಸಲಿಲ್ಲ.

ಅವಳು ಫೈಲೆತ್ತಿಕೊಂಡು ನಡೆದಳು. ಅವನು ಹಿಂದೆಯೇ ಬಂದ.

"ಸರ್, ಇದನ್ನ ನಾನು ನೋಡೋ ಹಾಗಿಲ್ಲ. ನೀವೇ ನೋಡ್ಬೇಕು."

ಮೇಷ್ಟ್ರು ಕನ್ನಡಕದ ಮೇಲಿಂದ ಇಬ್ಬರನ್ನೂ ಅಳೆದರು. ತಂತಮ್ಮ ನೆಂಟರ ಫೈಲನ್ನು ಯಾರೂ ಮುಟ್ಟಬಾರದೆಂಬುದು ಕಚೇರಿಯ ನಿಯಮ. "ಯಾಕಮ್ಮ, ನೆಂಟರಾ?"

"ಇನ್ನೂ ಇಲ್ಲ ಸರ್."

ಬಾಗಿಲಲ್ಲಿ ಅವನ ಕೈಯಿಂದ ಪೆನ್ಸಿಲು ಜಾರಿ ಬಿತ್ತು.

ಮೇಷ್ಟ್ರು ಸಜ್ಜಾ, ಕಟ್ಟೆ ಎರಡನ್ನೂ ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಹಾಕಿದರು. ಅವನು ಹೊರಡುವಾಗ, ಅವಳು ಹಿಂದೆ ಕೆಂಪು ಗೀಟೆಳೆದಿದ್ದ ನಕ್ಷೆಯ ಹಾಳೆಯನ್ನು ಅವನ ಕೈಗೇ ತುರುಕಿದರು.

ಒಂದೂ ಹದಿನೈದಕ್ಕೆ ಕಂಬದ ಬಳಿ ಬಿಸಿಲು ಸುಡುತ್ತಿತ್ತು. ಅವನು ಆ ಹಾಳೆಯನ್ನು ಬಿಚ್ಚಿ, ಎರಡೂ ಕೈಯಲ್ಲಿ ಅವಳ ತಲೆಯ ಮೇಲೆ ಹಿಡಿದ.

"ಇದು ನಿಯಮದಲ್ಲಿಲ್ಲ," ಎಂದಳು.

"ಮತ್ತೆ ತಿರಸ್ಕರಿಸಿ."

"ಫೈಲು ಈಗ ನನ್ನ ಹತ್ರ ಇಲ್ವಲ್ಲ."

ಬಸ್ಸು ಬಂತು, ನಿಂತಿತು, ಹೊರಟೂ ಹೋಯಿತು. ಇಬ್ಬರೂ ನೆರಳಲ್ಲೇ ಇದ್ದರು.