ಬಟ್ಟಲಿಲ್ಲದ ಫ್ಯಾನು

ಫ್ಯಾನು ಮಂಚದ ಮೇಲೆ ಬಿದ್ದಿತ್ತು. ಒಂದು ರೆಕ್ಕೆ ಮಡಚಿಕೊಂಡಿತ್ತು. ದಿಂಬಿನ ಮೇಲೆ ರಕ್ತ.

ನಾನು ಬಾಗಿಲಲ್ಲೇ ನಿಂತೆ. ಹೊಸದುರ್ಗದ ಕಾಯಿ ವ್ಯಾಪಾರಿ ದೊಡ್ಡತಿಮ್ಮಪ್ಪನವರ ಮನೆಯ ಈ ಫ್ಯಾನನ್ನು ತಿಂಗಳ ಹಿಂದೆ ರಿಪೇರಿ ಮಾಡಿ ತೂಗುಹಾಕಿದವನು ನಾನೇ. ಅದರ ಕೆಳಗೆ ಮಲಗಿದ್ದವಳು ಅವರ ಸೊಸೆ ಜಯಕ್ಕ. ತಾಯಿಯಿಲ್ಲದ ಹುಡುಗಿ, ಬಾಣಂತನ ಅತ್ತೆ ಮನೆಯಲ್ಲೇ. ಈಗ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾಳೆ. ಇನ್ನೂ ಕಣ್ಣು ಬಿಟ್ಟಿಲ್ಲ.

"ಲೇ ಮೂರ್ತಪ್ಪ! ಪಿನ್ನೇ ಹಾಕಿಲ್ಲ ನೀನು!" ದೊಡ್ಡತಿಮ್ಮಪ್ಪನವರು ಕೂಗಿದರು. "ಬರ್ಕಳ್ರಿ ದಫೇದಾರ್ರೇ. ಇವನ್ನ ಒಳಗಾಕ್ರಿ."

ದಫೇದಾರ್ ಕಾಟಯ್ಯ ಏನೂ ಬರೆದುಕೊಳ್ಳಲಿಲ್ಲ. "ಏನಪ್ಪ, ಯಾವ ಪಿನ್ನು?"

"ಸ್ಪ್ಲಿಟ್ ಪಿನ್ ಸಾರ್. ಫ್ಯಾನನ್ನ ಕೊಕ್ಕೆಗೆ ಹಿಡಿಯೋದು ಒಂದು ಬೋಲ್ಟು. ನಟ್ಟು ಅದುರಿ ಬಿಚ್ಕಂಬಾರ್ದು ಅಂತ ಬೋಲ್ಟಿನ ತುದಿ ತೂತಿಗೆ ಆ ಪಿನ್ ತೂರಿಸಿ, ಎರಡು ಕಾಲು ಅಗಲಿಸ್ತೀವಿ."

"ಹಾಕಿದ್ಯಾ?"

ಹಾಕಿದ್ದೆನೆ? ಹೊಸದುರ್ಗದಲ್ಲಿ ಅದು ಸಿಕ್ಕಿರಲಿಲ್ಲ. ಹೊಳಲ್ಕೆರೆಯಲ್ಲೂ ಇಲ್ಲ. ಚಿತ್ರದುರ್ಗದ ಹಳೇ ಕಬ್ಬಿಣದಂಗಡಿಯಲ್ಲಿ ಡಬ್ಬಿ ಸುರುವಿ ಹುಡುಕಿ ತಂದಿದ್ದೆ. ಅಷ್ಟು ನೆನಪಿದೆ. ಹಾಕಿದ್ದು? ಬೀಗ ಹಾಕಿದ ಬಾಗಿಲನ್ನೂ ಎರಡು ಸಲ ಎಳೆದು ನೋಡುವವನು ನಾನು. ಆದರೂ ಈಗ ಹೌದೆನ್ನಲು ಬಾಯಿ ಬರಲಿಲ್ಲ.

"ಹಾಕಿದ್ದೆ... ಅನ್ಸುತ್ತೆ ಸಾರ್."

"ಅನ್ಸುತ್ತೆ ಅಂದ್ರೆ ಕೋರ್ಟು ಒಪ್ಪಲ್ಲಪ್ಪ. ಆಕೆ ಕಣ್ಣು ಬಿಡದಿದ್ರೆ ಜೈಲೇ."

ಕಾಟಯ್ಯ ಮಂಚದಡಿ ಬಗ್ಗಿ ಬೋಲ್ಟು ಹೆಕ್ಕಿದರು. ಕಿಟಕಿಯ ಬೆಳಕಿಗೆ ಹಿಡಿದರು. "ಬೆಳ್ಳಗೆ ಐತಲ್ಲ?"

"ಸುಣ್ಣ," ಎಂದರು ದೊಡ್ಡತಿಮ್ಮಪ್ಪನವರ ಹೆಂಡತಿ ಮಲ್ಲಕ್ಕ. "ಕೂಸಿನ ನಾಮಕರಣಕ್ಕೆ ಅಂತ ಹೋದ ಸೋಮವಾರ ಓಬಣ್ಣ ಹೊಡೆದ."

"ಫ್ಯಾನಿನ ಮೇಲೆ ಬೋಲ್ಟು ಮುಚ್ಚೋ ಬಟ್ಟಲು ಇರ್ತೈತಲ್ಲ?"

"ಒಡೆದಿತ್ತು ಸಾರ್. ಅಂಥದು ಎಲ್ಲೂ ಸಿಗ್ಲಿಲ್ಲ. ಹಂಗೇ ಬಿಟ್ಟೆ."

"ಓಬಣ್ಣ ಏನಾದ್ರೂ ಪಿನ್ ಕಿತ್ತನಾ?"

"ಅಯ್ಯೋ, ಕರೆಂಟು ಹೊಡಿತೈತೆ ಅಂತ ಅವನು ಫ್ಯಾನಿಗೆ ಕೈ ಮುಗಿದು, ದೂರದಿಂದಲೇ ಸುಣ್ಣ ಎರಚಿದ!"

ನಡುಮನೆಯಲ್ಲಿ ಕೂಸು ಅತ್ತಿತು. ಮಲ್ಲಕ್ಕ ಹೋಗಿ ತೊಟ್ಟಿಲು ತೂಗಿದರು. ಕಾಟಯ್ಯ ಹಿಂದೆಯೇ ಹೋಗಿ ಮೇಲೆ ನೋಡುತ್ತ ನಿಂತರು. ನಾವಿಬ್ಬರೂ ಹೋದೆವು.

"ತೊಟ್ಟಿಲು ಕಟ್ಟಿದ್ದು ಯಾರವ್ವ?"

"ಇವರೇ, ಯಜಮಾನ್ರು. ಮಂಗಳವಾರ. ಮೊಮ್ಮಗನ ತೊಟ್ಟಿಲು ಅಂತ ಯಾರನ್ನೂ ಮುಟ್ಟಗೊಡಲಿಲ್ಲ."

ಕಾಟಯ್ಯ ನನಗೆ ಬೋಲ್ಟು ಕೊಟ್ಟರು. "ನೋಡು. ಸುತ್ತ ಸುಣ್ಣ. ತೂತಿನ ಎರಡು ಕಡೆ ಮಾತ್ರ, ಅಗಲಿಸಿದ ಕಾಲಿನ ಆಕಾರಕ್ಕೆ, ಬರೀ ಕಬ್ಬಿಣ. ಸುಣ್ಣ ಬಿದ್ದಾಗ ಪಿನ್ ಅಲ್ಲೇ ಇತ್ತು. ನೀನು ಹಾಕಿದ್ದೆ."

ನಾನು ತೂತಿನ ಸುತ್ತ ಬೆರಳಾಡಿಸಿ ನೋಡಿದೆ.

"ಈಗ ಮೇಲೆ ನೋಡು."

ತೊಳೆದು ಎಣ್ಣೆ ಹಚ್ಚಿದ ತೊಟ್ಟಿಲ ಸರಪಳಿ ಕರ್ರಗೆ ಹೊಳೆಯುತ್ತಿತ್ತು. ಅದನ್ನು ತೊಲೆಗೆ ಹಿಡಿದ ಬೋಲ್ಟಿನಲ್ಲಿ ಒಂದು ಪಿನ್ನು. ಅದರ ತಲೆ ಮಾತ್ರ ಬಿಳಿ.

"ಸುಣ್ಣ ಹೊಡೆದ ಮಾರನೇ ದಿನ ಕಟ್ಟಿದ ತೊಟ್ಟಿಲಿಗೆ ಸುಣ್ಣ ಬಿದ್ದ ಪಿನ್ನು ಎಲ್ಲಿಂದ ಬಂತು? ಯಜಮಾನ್ರೇ, ನಾನು ಬಗ್ಗಿ ನೋಡೋಕೆ ಮುಂಚೇನೇ ಪಿನ್ ಇಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ದೊಡ್ಡತಿಮ್ಮಪ್ಪನವರು ಅಲ್ಲೇ ನೆಲದ ಮೇಲೆ ಕುಳಿತರು. "ಊರೆಲ್ಲ ಪಿನ್ ಕೇಳ್ದೆ, ಸಿಗ್ಲಿಲ್ಲ. ತೊಟ್ಟಿಲು ಬಿದ್ರೆ ಅನ್ನೋ ಭಯ. ಬಾಣಂತಿಗೆ ಗಾಳಿ ಆಗಲ್ಲ, ಐದು ತಿಂಗಳು ಫ್ಯಾನ್ ಹಾಕಂಗಿಲ್ಲ ಅಂತ ಮನೇಲಿ ಕಟ್ಟಳೆ. ತಿರುಗದ ಫ್ಯಾನಿಗೆ ಪಿನ್ ಯಾಕೆ ಅಂದ್ಕಂಡೆ. ಅದು ಬಿದ್ದಾಗ... ಹೇಳಾಕೆ ಬಾಯಿ ಬರ್ಲಿಲ್ಲ."

ಮಲ್ಲಕ್ಕ ತೊಟ್ಟಿಲು ತೂಗುವುದನ್ನು ನಿಲ್ಲಿಸಿದರು. "ಸೆಕೆ ಅತ್ತೆ, ಒಂದು ಗಳಿಗೆ ಅಂತ ಬೇಡ್ಕಂಡ್ಳು. ನಾಕು ದಿನದಿಂದ ಮಧ್ಯಾಹ್ನ ನಾನೇ ಹಾಕ್ತಿದ್ದೆ. ನೀವು ಬೈತೀರ ಅಂತ ಹೇಳ್ಲಿಲ್ಲ."

ಕಾಟಯ್ಯ ಸ್ಟೂಲು ಹತ್ತಿ ಸಾಕ್ಷಿಗೆಂದು ಪಿನ್ನಿಗೆ ಕೈ ಹಾಕಿದರು.

"ತಡೀರಿ ಸಾರ್!" ನಾನು ಕಿರುಚಿದೆ. "ಕೂಸು ಒಳಗೈತೆ!"

ಮಲ್ಲಕ್ಕ ಕೂಸನ್ನು ಎತ್ತಿಕೊಂಡರು. ತೊಟ್ಟಿಲು ಖಾಲಿಯಾಯಿತು. ಆದರೂ ದೊಡ್ಡತಿಮ್ಮಪ್ಪನವರು ಎದ್ದುಬಂದು ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.