ಹಿಂದಿನ ಎಡ ಬಾಗಿಲಿನ ಶಬ್ದ

“ಬೇಡ!”

ಮಾತು ಬಂದದ್ದು ನೆಲದಿಂದ.

ಅಡ್ವಾನ್ಸ್ ಕೊಡಲು ಚೀಲಕ್ಕೆ ಕೈಹಾಕಿದ್ದವಳು ಬೆಚ್ಚಿ ಕೆಳಗೆ ನೋಡಿದಳು. ಹಳೆಯ ಕಾರುಗಳನ್ನು ಮಾರುವ ಆ ಅಂಗಳದಲ್ಲಿ, ಅವಳು ಮೆಚ್ಚಿದ್ದ ಕೆಂಪು ಎಸ್‌ಯುವಿಯ ಪಕ್ಕದ ಗಾಡಿಯ ಅಡಿಯಿಂದ ಎರಡು ಕಾಲು ಹೊರಚಾಚಿದ್ದವು. ಎಡಗಾಲಿನ ಬೂಟಿನ ಲೇಸ್ ಬಿಚ್ಚಿಹೋಗಿತ್ತು.

“ಅವನ ಮಾತು ಕೇಳ್ಬೇಡಿ ಮೇಡಂ,” ಅಂಗಳದ ಯಜಮಾನ ಹಲ್ಲು ಕಿರಿದ. “ಅವನು ಬೇಡಪ್ಪ. ಬೇರೆಯವರ ಗಾಡಿ ನೋಡೋಕೆ ಬಂದಿದಾನೆ.”

“ಹೆಸರೇ ಬೇಡಪ್ಪಾನಾ?”

“ನಾವೆಲ್ಲ ಸೇರಿ ಇಟ್ಟಿದ್ದು. ಹನ್ನೊಂದು ವರ್ಷದಿಂದ ಊರಿನ ಗಾಡಿಗಳನ್ನೆಲ್ಲ ಪರೀಕ್ಷೆ ಮಾಡ್ತಾನೆ. ಅವನ ಬಾಯಲ್ಲಿ ಬರೋದು ಅದೊಂದೇ ಮಾತು.”

“ಮೇಡಂ,” ಕಾಲುಗಳು ಮತ್ತೆ ಮಾತಾಡಿದವು, “ಡ್ರೈವರ್ ಸೀಟಿನ ಬೆಲ್ಟ್ ಎಳೀರಿ. ಪೂರ್ತಿ. ಕೊನೇವರೆಗೂ.”

ಇದೇನು ಗ್ರಹಚಾರ ಎಂದುಕೊಳ್ಳುತ್ತಲೇ ಎಳೆದಳು. ಎಳೆದಷ್ಟೂ ಬಂತು. ಕೊನೆಯ ಒಂದು ಗೇಣು ಹೊರಬಂದಾಗ ಅವಳ ಕೈ ಅಲ್ಲೇ ನಿಂತಿತು. ಬೆಲ್ಟಿನ ತುದಿಯಲ್ಲಿ ಒಣಗಿದ ಕೆಸರಿನ ಗೆರೆ!

“ಈ ಗಾಡಿ ನೀರಲ್ಲಿ ಮುಳುಗಿ ಎದ್ದಿದೆ. ಸೀಟು ತೊಳೀತಾರೆ, ಕಾರ್ಪೆಟ್ ಬದಲಾಯಿಸ್ತಾರೆ. ಬೆಲ್ಟಿನ ಬಾಲ ತೊಳೆಯೋದು ಮಾತ್ರ ಎಲ್ಲರಿಗೂ ಮರೆತುಹೋಗುತ್ತೆ.”

ಯಜಮಾನನ ಮುಖ ಇಂಗು ತಿಂದ ಮಂಗನಂತಾಯಿತು. ಕಾಲುಗಳ ಹಿಂದೆಯೇ ಒಬ್ಬ ಮನುಷ್ಯನೂ ಹೊರಗೆ ಜಾರಿದ. ಕೆನ್ನೆಯ ಮೇಲೆ ಗ್ರೀಸು, ಕಿವಿಯ ಹಿಂದೆ ಪೆನ್ಸಿಲ್ಲು. ಅವಳನ್ನು ನೋಡಿ ಏನೋ ಹೇಳಲು ಹೋಗಿ, ಎದ್ದು ನಿಲ್ಲುವ ಅವಸರದಲ್ಲಿ ತನ್ನ ಲೇಸನ್ನೇ ತುಳಿದು ಮುಗ್ಗರಿಸಿದ.

ನಗಬಾರದು… ನಗಬಾರದು… ಎಂದು ತುಟಿ ಕಚ್ಚಿದಳು. ಆಗಲಿಲ್ಲ. ನಕ್ಕೇಬಿಟ್ಟಳು!

* * *

ಅವಳು ಫಿಸಿಯೋಥೆರಪಿಸ್ಟ್. ಮಡಚುವ ಮೇಜೊಂದನ್ನು ಹೊತ್ತುಕೊಂಡು ದಿನಕ್ಕೆ ಎಂಟು ಮನೆಗೆ ಹೋಗಿ, ನಡೆಯಲಾರದವರನ್ನು ನಡೆಸುವುದು ಅವಳ ಕೆಲಸ. ಎಂಟು ಮನೆಯೂ ಗುಡ್ಡದ ಬಡಾವಣೆಯಲ್ಲಿ. ಅವಳ ಹಳೆಯ ಪುಟ್ಟ ಕಾರು ಆ ಏರನ್ನು ನಾಲ್ಕು ವರ್ಷ ಹತ್ತಿ ಹತ್ತಿ, ಹೋದ ತಿಂಗಳು ಅರ್ಧ ಏರಿನಲ್ಲೇ ಪ್ರಾಣ ಬಿಟ್ಟಿತ್ತು. ಅಂದಿನಿಂದ ಟ್ಯಾಕ್ಸಿಗಾಗಿ ಕಾಯುವುದು, ಹೋದಲ್ಲೆಲ್ಲ ತಡವಾಯಿತೆಂದು ಕೈಮುಗಿಯುವುದು. ಕ್ಲಿನಿಕ್ಕಿನ ಡಾಕ್ಟರಮ್ಮ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು.

“ಒಂದನೇ ತಾರೀಖಿನೊಳಗೆ ಗಾಡಿ ಮಾಡ್ಕೋ. ಇಲ್ಲಾಂದ್ರೆ ಆ ಎಂಟು ಮನೇನ ಬೇರೆಯವರಿಗೆ ಕೊಡ್ತೀನಿ.”

ಆ ಎಂಟು ಮನೆ ಅವಳ ಪ್ರಾಣ. ಎರಡನೇ ಮನೆಯ ಅಜ್ಜ ಇವಳ ಕೈ ಹಿಡಿದರೆ ಮಾತ್ರ ಹೆಜ್ಜೆ ಎತ್ತುತ್ತಿದ್ದರು. ಬೇರೆಯವರಿಗೆ ಕೊಡುವುದೆಂದರೇನು!

ಗಾಡಿ ಹೇಗಿರಬೇಕು? ಗುಡ್ಡ ಹತ್ತಬೇಕು. ಕ್ಲಿನಿಕ್ಕಿನ ನೆಲಮಾಳಿಗೆಯ ಇಕ್ಕಟ್ಟಿನಲ್ಲಿ ತಿರುಗಬೇಕು. ಬೆಳಿಗ್ಗೆ ಕೀ ತಿರುಗಿಸಿದರೆ ಮರುಮಾತಿಲ್ಲದೆ ಹೊರಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆ ಅದರಲ್ಲಿ ಕೂರಬೇಕು.

ಅತ್ತೆ ಎಂದರೆ ಅಪ್ಪನ ತಂಗಿ, ಇವಳನ್ನು ಸಾಕಿದವಳು. ಆಕೆಯ ಮಂಡಿಗಳ ಕಥೆಯೇ ಬೇರೆ. ತಗ್ಗಾದ ಕಾರಿನಿಂದ ಏಳಲಾರಳು, ಎತ್ತರದ ಗಾಡಿಗೆ ಹತ್ತಲಾರಳು.

“ಮಧ್ಯಮ ಗಾತ್ರದ ಎಸ್‌ಯುವಿ,” ಎಂದ ಬೇಡಪ್ಪ, ಅವಳು ಕರೆದದ್ದಕ್ಕೆ ಅಂದು ಸಂಜೆಯೇ ಮನೆಗೆ ಬಂದು, ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡು. “ಹುಡುಕೋಣ. ಒಂದು ಗಾಡಿ ನೋಡಿದ್ರೆ ಒಂದು ಫೀಸು, ಎರಡು ಪುಟದ ರಿಪೋರ್ಟು. ಆದ್ರೆ ನನ್ನ ಜತೆ ಬೆಳಿಗ್ಗೆ ಆರಕ್ಕೇ ಬರ್ಬೇಕು. ಮೇಜೂ ಬರ್ಬೇಕು. ಅತ್ತೆಯೋರೂ ಬರ್ಬೇಕು.”

“ನಾನ್ಯಾಕಪ್ಪ?” ಅತ್ತೆ ಕೇಳಿದಳು.

“ಹಿಂದಿನ ಸೀಟಲ್ಲಿ ಕೂರೋರು ನೀವಲ್ವಾ ಅಮ್ಮ? ನಿಮ್ಮನ್ನ ಕೇಳದೆ ಹೆಂಗೆ?”

ಅತ್ತೆ ಆ ಕ್ಷಣವೇ ಅವನ ಪಕ್ಷಕ್ಕೆ ಸೇರಿದಳು.

ಆರು ಗಂಟೆಗೆ ಯಾಕೆಂದು ಮೊದಲ ದಿನವೇ ಗೊತ್ತಾಯಿತು. ಮಾರುವವರ ಮನೆ ಮುಂದೆ ಇಳಿದವನೇ ಬಾನೆಟ್ ಮೇಲೆ ಅಂಗೈ ಇಟ್ಟು, “ಬಿಸಿ ಇದೆ. ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ ಅಂತ ಮುಂಚೆನೇ ಓಡಿಸಿ ಇಟ್ಟಿದಾರೆ. ಬೇಡ,” ಎಂದ.

ಎರಡನೆಯದು ಡೀಸೆಲ್. “ನಿಮ್ದು ಮನೆಯಿಂದ ಮನೆಗೆ ನಿಂತು ನಿಂತು ಹೋಗೋ ಓಟ. ಇದಕ್ಕೆ ಮೈ ಬಿಸಿಯಾಗೋಕೂ ಸಾಲಲ್ಲ, ಹೊಗೆ ಫಿಲ್ಟರ್ ಮಸಿ ಕಟ್ಕೊಂಡ್ಬಿಡುತ್ತೆ. ಬೇಡ.”

ಮೂರನೆಯದು ಹಾಲಿನಂಥ ಬಿಳಿ ಗಾಡಿ. ಅವಳ ದಿನದ ದಾರಿಯಲ್ಲೇ ಗುಡ್ಡ ಹತ್ತಿಸಿ ಇಳಿಸಿದರು. ಒಂದು ಕೆಮ್ಮಿಲ್ಲ, ಒಂದು ನಡುಕವಿಲ್ಲ! ಕೊನೆಗೆ ಅವನು ಡಿಕ್ಕಿ ತೆರೆದು, ಕೈಕಟ್ಟಿ ನಿಂತು, “ಮೇಜು ಎತ್ತಿಡಿ,” ಎಂದ.

ಹದಿನೈದು ಕೆಜಿಯ ಮೇಜನ್ನು ಅವಳು ಉಸಿರು ಬಿಗಿಹಿಡಿದು ಎತ್ತಿಟ್ಟಳು.

“ಇಳಿಸಿ. ಮತ್ತೆ ಎತ್ತಿ.”

ಎಂಥ ಗಂಡಸಪ್ಪಾ ಇವನು! ಒಂದು ಕೈ ಹಿಡಿದರೆ ಗಂಟು ಹೋಗುತ್ತಿತ್ತೇ?

“ಬೇಡ,” ಎಂದ ಬೇಡಪ್ಪ. “ಕಾರಣ ಎರಡನೇ ಪುಟದಲ್ಲಿ ಬರೆದಿರ್ತೀನಿ.”

ಎರಡನೇ ಪುಟವನ್ನು ಅವಳು ಓದಲೇ ಇಲ್ಲ. ಮೊದಲ ಪುಟದ ಕೊನೆಯಲ್ಲಿದ್ದ ಅವನ ದುಂಡನೆಯ ಸಹಿ ನೋಡುತ್ತಿದ್ದಳು, ತನ್ನಷ್ಟಕ್ಕೆ ನಗುತ್ತಿದ್ದಳು, ಮಡಚಿ ಬಟ್ಟೆಯ ಬೀರುವಿನಲ್ಲಿಡುತ್ತಿದ್ದಳು. ಕಾರಿನ ರಿಪೋರ್ಟಿಗೆ ಬೀರುವಿನಲ್ಲಿ ಏನು ಕೆಲಸ ಎಂದು ಕೇಳಿದ್ದರೆ ಅವಳ ಬಳಿ ಉತ್ತರವಿರಲಿಲ್ಲ.

ಉತ್ತರ ಇತ್ತು. ಹೇಳಲು ನಾಚಿಕೆ, ಅಷ್ಟೆ.

ಏಳು ಗಂಟೆಗೂ ಏಳದಿದ್ದ ಹುಡುಗಿ ಈಗ ಐದಕ್ಕೇ ಎದ್ದು ತಲೆ ಬಾಚಿಕೊಳ್ಳುತ್ತಿದ್ದಳು. ಅತ್ತೆ ಮುಸುಕಿನೊಳಗಿಂದಲೇ ಎಲ್ಲವನ್ನೂ ನೋಡುತ್ತಿದ್ದಳು.

* * *

ಐದನೆಯದು ಬೂದು ಬಣ್ಣದ ಗಾಡಿ, ನಿವೃತ್ತ ಗಣಿತದ ಮೇಷ್ಟ್ರದು. ಪ್ರತಿ ಸರ್ವಿಸಿನ ತಾರೀಖನ್ನೂ ಅವರು ಮಗ್ಗಿ ಪುಸ್ತಕದಂತೆ ಬರೆದಿಟ್ಟಿದ್ದರು. ಬಾನೆಟ್ ತಣ್ಣಗಿತ್ತು. ಬೆಲ್ಟಿನ ಬಾಲ ಚೊಕ್ಕಟವಾಗಿತ್ತು. ಪೆಟ್ರೋಲ್ ಎಂಜಿನ್, ಪಾರ್ಟುಗಳು ಯಾವ ಅಂಗಡಿಯಲ್ಲೂ ಸಿಗುವಂಥವು. ಡಿಕ್ಕಿಗೆ ಮೇಜು ಒಂದೇ ಸಲಕ್ಕೆ ಜಾರಿತು. ಅತ್ತೆ ಕುರ್ಚಿಯಲ್ಲಿ ಕೂತಷ್ಟೇ ಸಲೀಸಾಗಿ ಕೂತು, ಹಿಂದಿನ ಎಡ ಬಾಗಿಲಿಗೆ ಒರಗಿ, “ಆಹಾ!” ಎಂದಳು.

ಗುಡ್ಡ ಹತ್ತಿದರು. ಗುಡ್ಡ ಇಳಿದರು.

ಮೇಷ್ಟ್ರ ಮನೆಯತ್ತ ಸ್ಟೇರಿಂಗ್ ತಿರುಗಿಸುವಾಗ ಅವಳಿಗೆ ಹೊಳೆಯಿತು. ಗಾಡಿ ಸಿಕ್ಕೇಬಿಟ್ಟಿತು… ಅಂದರೆ ಇವತ್ತಿಗೆ ಮುಗಿಯಿತು. ನಾಳೆ ಐದಕ್ಕೆ ಏಳಬೇಕಿಲ್ಲ. ಕಿವಿಯ ಹಿಂದಿನ ಆ ಪೆನ್ಸಿಲ್ಲನ್ನು ಇನ್ನು ನೋಡುವಂತಿಲ್ಲ…

ದೇವರೇ, ಏನಾದರೂ ಒಂದು ಕೊರತೆ ಇರಲಿ! ಚಿಕ್ಕದಾದರೂ ಸಾಕು!

ಪಕ್ಕದಲ್ಲಿ ಅವನು ರಿಪೋರ್ಟನ್ನು ತೊಡೆಯ ಮೇಲಿಟ್ಟು ಕೂತಿದ್ದ. ಪೆನ್ಸಿಲ್ ತೆಗೆದ, ಮತ್ತೆ ಸಿಕ್ಕಿಸಿದ, ಮತ್ತೆ ತೆಗೆದ.

“ಹಿಂದಿನ… ಎಡ ಬಾಗಿಲು,” ಎಂದ ಕೊನೆಗೆ, ಹೊರಗೆ ನೋಡುತ್ತ. “ಏನೋ… ಕಟಕಟ ಅಂತಿದೆ.”

ಅವಳಿಗೆ ಏನೂ ಕೇಳಿಸಿರಲಿಲ್ಲ.

“ಹೌದು ಹೌದು!” ಎಂದಳು ಅವಳು. “ನನಗೂ ಕೇಳಿಸ್ತು! ಚೆನ್ನಾಗಿಯೇ ಕೇಳಿಸ್ತು!”

ಅವನು ಥಟ್ಟನೆ ತಿರುಗಿ ಅವಳ ಮುಖ ನೋಡಿದ. ಹಿಂದಿನಿಂದ ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ, ಗೊರಕೆ ಹೊಡೆಯತೊಡಗಿದಳು.

“ಹಾಗಾದ್ರೆ… ಬೇಡ,” ಎಂದ ಬೇಡಪ್ಪ.

ಇಷ್ಟು ಸಿಹಿಯಾದ ‘ಬೇಡ’ ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

* * *

ಒಂದನೇ ತಾರೀಖಿಗೆ ಇನ್ನು ನಾಲ್ಕೇ ದಿನ. ಎರಡನೇ ಮನೆಯ ಅಜ್ಜನನ್ನು ನಡೆಸುತ್ತ ಗೇಟಿನವರೆಗೆ ಬಂದವಳು ಹಾಗೇ ನಿಂತುಬಿಟ್ಟಳು. ಅಲ್ಲಿ ನಿಂತಿತ್ತು ಆ ಬಿಳಿ ಗಾಡಿ! ಬೇಡಪ್ಪ ಬೇಡವೆಂದ ಅದೇ ಮೂರನೇ ಗಾಡಿ!

“ಸೊಸೆ ತಗೊಂಡಳಮ್ಮ,” ಅಜ್ಜ ಹೆಮ್ಮೆಯಿಂದ ಹೇಳಿದರು. “ಪರೀಕ್ಷೆ ಮಾಡಿಸಿಯೇ ತಗೊಂಡಿದ್ದು. ಕಣ್ಣು ಮುಚ್ಕೊಂಡು ತಗೊಳ್ಳಿ ಅಂದನಂತೆ.”

“ಯಾರು?”

ಅಜ್ಜ ತೋರಿಸಿದ ರಿಪೋರ್ಟಿನ ಕೊನೆಯಲ್ಲಿ ಅದೇ ದುಂಡನೆಯ ಸಹಿ.

ಅವಳ ಮೈಯೆಲ್ಲ ಉರಿದುಹೋಯಿತು. ನನಗೆ ಬೇಡವಾದದ್ದು ಇವರಿಗೆ ಅಡ್ಡಿಯಿಲ್ಲವೇ? ಗಾಡಿಗೊಂದು ಫೀಸು… ಅಂದರೆ ನನ್ನನ್ನು ಬೇಕೆಂದೇ ಅಲೆಸಿದನಾ? ಇಲ್ಲಿ ನನ್ನ ಕೆಲಸವೇ ಹೋಗುವುದರಲ್ಲಿದೆ, ನಾನು ಅವನ ಸಹಿ ನೋಡಿಕೊಂಡು ನಗುತ್ತ ಕೂತಿದ್ದೆನಲ್ಲ! ಎಂಥ ಬೆಪ್ಪಿ ನಾನು!

ಕಣ್ಣು ತುಂಬಿಬಂತು. ಉಳಿದ ಮನೆಗಳನ್ನು ಹೇಗೋ ಮುಗಿಸಿ, ಟ್ಯಾಕ್ಸಿ ಹಿಡಿದು, ಮಂಡಿಗೆ ವ್ಯಾಯಾಮ ಮಾಡಿಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಿದ್ದ ಅತ್ತೆಯನ್ನು ಹತ್ತಿಸಿಕೊಂಡು, ನೇರ ಅವನ ಶೆಡ್ಡಿಗೇ ಹೋದಳು.

“ಬಿಳಿ ಗಾಡಿ ಕೆಟ್ಟದ್ದಾಗಿತ್ತಾ?” ಬಾಗಿಲಲ್ಲೇ ನಿಂತು ಕೇಳಿದಳು.

“ಇಲ್ಲ. ಒಳ್ಳೇ ಗಾಡಿ,” ಎಂದ ಅವನು, ಕೈ ಒರೆಸಿಕೊಳ್ಳುತ್ತ.

“ಮತ್ತೆ ನನಗೆ ಬೇಡ ಅಂದ್ರಿ?”

“ನಿಮಗೆ ಬೇಡವೇ.”

“ಯಾಕೆ? ನಾನು ಬೇಗ ತಗೊಂಡ್ಬಿಟ್ರೆ ನಿಮ್ಮ ಫೀಸು ನಿಂತುಹೋಗುತ್ತೆ ಅಂತಾನಾ?”

ಅವನ ಮುಖ ಸಣ್ಣಗಾಯಿತು. ಗೋಡೆಯಿಂದ ಟೇಪು ತೆಗೆದು, ಅವಳ ಸೊಂಟದ ಹತ್ತಿರ, ಮುಟ್ಟದೆ, ಗಾಳಿಯಲ್ಲೇ ಒಂದು ಎತ್ತರ ಹಿಡಿದು ತೋರಿಸಿದ.

“ಇದು ಬಿಳಿ ಗಾಡಿಯ ಡಿಕ್ಕಿಯ ಅಂಚು. ನಿಮ್ಮ ಸೊಂಟಕ್ಕಿಂತ ನಾಲ್ಕು ಇಂಚು ಮೇಲೆ. ಮೇಜು ಹದಿನೈದು ಕೆಜಿ. ದಿನಕ್ಕೆ ಎಂಟು ಸಲ ಇಳಿಸ್ತೀರಿ, ಎಂಟು ಸಲ ಏರಿಸ್ತೀರಿ. ಮೊದಲನೇ ಸಲ ಎತ್ತಿದಾಗ ಉಸಿರು ಹಿಡಿದ್ರಿ, ಎರಡನೇ ಸಲ ಬೆನ್ನು ವಾಲಿಸಿದ್ರಿ. ನಾನು ಕೈಹಾಕಿದ್ರೆ ಅದು ಗೊತ್ತಾಗ್ತಾ ಇರಲಿಲ್ಲ. ಎರಡು ವರ್ಷದಲ್ಲಿ ನಿಮ್ಮ ಬೆನ್ನೇ ಹೋಗ್ತಿತ್ತು. ಅದನ್ನ ತಗೊಂಡೋರು ಆ ಡಿಕ್ಕಿಗೆ ತರಕಾರಿ ಚೀಲ ಇಡ್ತಾರೆ ಅಷ್ಟೆ… ಎರಡನೇ ಪುಟದಲ್ಲಿ ಬರೆದಿದ್ನಲ್ಲ ಮೇಡಂ?”

ಊರಿನವರಿಗೆಲ್ಲ ಬೆನ್ನು ನೆಟ್ಟಗಿಟ್ಟುಕೊಳ್ಳಿ ಎಂದು ಪಾಠ ಹೇಳುವವಳು ಅವಳು. ಅವಳ ಬೆನ್ನನ್ನು ಈವರೆಗೆ ಯಾರೂ ಅಳೆದಿರಲಿಲ್ಲ. ಅವಳೂ ಅಳೆದಿರಲಿಲ್ಲ.

“ನಾನು… ಎರಡನೇ ಪುಟ ಓದಲಿಲ್ಲ. ಕ್ಷಮಿಸಿ. ನಿಮ್ಮಂಥವರ ಮೇಲೆ ಸಂಶಯ ಪಟ್ಟೆ…”

“ಸಂಶಯ ಪಡಿ,” ಎಂದ ಅವನು ತಟ್ಟನೆ. “ನಾನೂ ಒಂದು ಸುಳ್ಳು ಬರೆದಿದೀನಿ. ಹನ್ನೊಂದು ವರ್ಷದಲ್ಲಿ ಒಂದೇ. ಇವತ್ತು ನಿಮ್ಮ ಮನೆಗೆ ಬಂದು ಹೇಳಬೇಕು ಅಂತಾನೇ ಇದ್ದೆ.”

ಅವನು ಮುಂದೆ ಚಾಚಿದ ಹೊಸ ರಿಪೋರ್ಟು ಬೂದು ಗಾಡಿಯದು. “ಹಿಂದಿನ ಎಡ ಬಾಗಿಲಲ್ಲಿ ಶಬ್ದ ಇರಲಿಲ್ಲ.”

“ಇತ್ತು! ನನಗೂ ಕೇಳಿಸಿತ್ತಲ್ಲ!”

“ಮೇಡಂ…” ಅವನು ತಲೆ ಕೆರೆದುಕೊಂಡ. “ನಾಲ್ಕು ದಿನದಿಂದ ನನಗೂ ಅದೇ ಯೋಚನೆ. ಇಲ್ಲದ ಶಬ್ದ ನಿಮಗೆ ಹೆಂಗೆ ಕೇಳಿಸ್ತು?”

ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

“ನೀವು… ನೀವ್ಯಾಕೆ ಹಾಗೆ ಹೇಳಿದ್ರಿ? ಮೊದಲು ಅದು ಹೇಳಿ!”

“ಗಾಡಿ ಸರಿಯಾಗಿದೆ ಅಂದ್ಬಿಟ್ರೆ… ನೀವು ಮತ್ತೆ ಬರಲ್ವಲ್ಲ.”

“ನನ್ನ ಎಂಟು ಮನೆ ಹೋಗಿದ್ರೆ?” ಎಂದಳು. ಕೋಪ ಅರ್ಧ, ಅಳು ಅರ್ಧ.

“ಅದಕ್ಕೇ ನಾಲ್ಕು ದಿನದಿಂದ ನಿದ್ದೆ ಬಂದಿಲ್ಲ. ಗಾಡಿ ಮಾರಬೇಡಿ ಅಂತ ಮೇಷ್ಟ್ರಿಗೆ ಮರುದಿನವೇ ಫೋನ್ ಮಾಡಿ ಇಡಿಸಿದೀನಿ. ಈಗ ನೀವು ಹೇಳಿ. ನಿಮಗೆ ಏನು ಕೇಳಿಸ್ತು?”

ಅವಳು ನೆಲ ನೋಡಿದಳು. ಅವನ ಎಡಗಾಲಿನ ಲೇಸ್ ಅವತ್ತಿನಂತೆಯೇ ಬಿಚ್ಚಿತ್ತು.

“ಏನೂ ಇಲ್ಲ,” ಎಂದಳು ಮೆಲ್ಲಗೆ. “ನನಗೂ… ಮುಗೀಬಾರದು ಅನ್ನಿಸಿತ್ತು.”

“ಅಬ್ಬಬ್ಬಾ!” ಹೊರಗೆ ಟ್ಯಾಕ್ಸಿಯ ಕಿಟಕಿಯಿಂದ ಅತ್ತೆಯ ದನಿ. “ಆ ಬಾಗಿಲಿಗೇ ಒರಗಿ ಕೂತಿದ್ದೆ ಕಣ್ರೋ ನಾನು! ಅಲ್ಲಿ ಒಂದು ಸೊಳ್ಳೆ ಕೂಡ ಗುಂಯ್ ಅಂದಿರಲಿಲ್ಲ! ಗೊರಕೆ ಹೊಡೆದೂ ಹೊಡೆದೂ ನನ್ನ ಗಂಟಲು ಕೆಟ್ಟದ್ದೇ ಬಂತು. ಈಗಲಾದ್ರೂ ಹೋಗಿ ಆ ಗಾಡಿ ತನ್ನಿ!”

* * *

ಮೇಷ್ಟ್ರು ಗೇಟಿನಲ್ಲೇ ಕೈಹಿಸುಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮುಖ ಊದಿಸಿಕೊಂಡಿದ್ದರು.

“ನೀವು ಶಬ್ದ ಇದೆ ಅಂದ್ರಲ್ಲ… ದೋಷ ಇಟ್ಕೊಂಡು ಮಾರೋ ಜಾಯಮಾನ ನಂದಲ್ಲ. ಮೂರು ಸಲ ಬಾಗಿಲು ಬಿಚ್ಚಿ ನೋಡಿದೆ. ಎಲ್ಲೂ ಸಿಗಲಿಲ್ಲ. ಜೋಡಿಸುವಾಗ ಒಂದು ಸ್ಕ್ರೂ ಒಳಗೇ ಬಿತ್ತು…” ಮೇಷ್ಟ್ರು ಬಾಗಿಲನ್ನು ಮೆಲ್ಲಗೆ ಅಲುಗಾಡಿಸಿದರು.

ಕಟಕಟ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ನಿಜ ಹೇಳಿ ಕ್ಷಮೆ ಕೇಳುವಷ್ಟರಲ್ಲಿ ಅವರ ಹೆಂಡತಿ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಿದ್ದರು.

ಬೇಡಪ್ಪ ರಿಪೋರ್ಟಿನ ಕೊನೆಯ ಸಾಲು ತುಂಬಿ ಅವಳ ಕೈಗಿತ್ತ. ಈ ಸಲ ಅವಳು ಎರಡೂ ಪುಟ ಓದಿದಳು. ಗಾಡಿಯ ಬಗ್ಗೆ ‘ತಗೊಳ್ಳಿ’ ಎಂದಿತ್ತು. ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ, ಅಳುಕುತ್ತ ಬರೆದ ಇನ್ನೊಂದು ಸಾಲು: ‘ಬೆಳಿಗ್ಗೆ ಆರಕ್ಕೆ ಇನ್ನೂ ಬರ್ತೀರಾ? ಗಾಡಿ ನೋಡೋಕಲ್ಲ.’

ಅವಳು ಅವನ ಕಿವಿಯ ಹಿಂದಿನ ಪೆನ್ಸಿಲ್ಲನ್ನು ತಾನೇ ತೆಗೆದುಕೊಂಡು, ಕೆಳಗೆ ‘ಹೂಂ’ ಎಂದು ಬರೆದು ಸಹಿ ಹಾಕಿದಳು.

ಒಂದನೇ ತಾರೀಖು ಬೂದು ಗಾಡಿ ಗುಡ್ಡ ಹತ್ತಿತು. ಎರಡನೇ ಮನೆಯ ಅಜ್ಜ ಗೇಟಿನಲ್ಲೇ ಕೈ ಚಾಚಿ ನಿಂತಿದ್ದರು. ಎಂಟೂ ಮನೆ ಮುಗಿಸಿ, ಸಂಜೆ ಅವನನ್ನು ಶೆಡ್ಡಿನಿಂದ ಹತ್ತಿಸಿಕೊಂಡಳು. ಹಿಂದಿನ ಸೀಟಿನಲ್ಲಿ ಅತ್ತೆ ನಿಜವಾಗಿಯೇ ನಿದ್ದೆ ಹೋಗಿದ್ದಳು. ತಿರುವಿಗೊಮ್ಮೆ ಎಡ ಬಾಗಿಲು ಕಟಕಟ ಎನ್ನುತ್ತಿತ್ತು.

“ಹತ್ತು ನಿಮಿಷದ ಕೆಲಸ,” ಎಂದ ಅವನು. “ಬಾಗಿಲು ಬಿಚ್ಚಿ ಆ ಸ್ಕ್ರೂ ತೆಗೆದ್ಬಿಡ್ಲಾ?”

ಅವಳು ಗೇರಿನ ಮೇಲಿದ್ದ ಕೈಯನ್ನು ಮೆಲ್ಲಗೆ ಅವನ ಕೈ ಮೇಲಿಟ್ಟಳು.

“ಬೇಡ.”