ಗಂಟಲು ಕಟ್ಟುವ ಮಾತು

"ಈ ಚೀಟಿ ಹರಿದುಹಾಕಿ, ಡೈರೆಕ್ಟ್ರೇ. ಒಲೆಗೆ ಹಾಕಿದ್ರೆ ಇನ್ನೂ ಒಳ್ಳೇದು."

ಎರ್ಸಿಲಿಯಾ ಮೈಕಿನ ಮುಂದಿನಿಂದ ಎದ್ದೇಬಿಟ್ಟಳು. ರೋಮಿನ ಆ ನೆಲಮಾಳಿಗೆಯ ಡಬ್ಬಿಂಗ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದನಿ ಮಾರಿ ಬದುಕಿದವಳು. ದೆವ್ವದ ಕಿರುಚಾಟ, ಸಾಯುವವರ ನರಳಾಟ, ಏನು ಕೇಳಿದರೂ ಕೊಟ್ಟವಳು. ಅಂಥವಳು ಹೆದರಿದ್ದು ಕಂಡು ಕೊರಾದೊ ವೆನಾಂಜಿಗೆ ನಗು ಬಂತು. ಮೊನ್ನೆಮೊನ್ನೆಯವರೆಗೆ ಸಾಬೂನಿನ ಜಾಹೀರಾತು ತೆಗೆಯುತ್ತಿದ್ದ ಈ ಮಹಾಶಯನಿಗೆ ಇದು ಮೊದಲ ಸಿನಿಮಾ. ಒಂದು ಮಂಚ, ಒಬ್ಬ ಪಾದ್ರಿ, ದೆವ್ವ ಹಿಡಿದ ಒಬ್ಬಳು ಹುಡುಗಿ, ಅಷ್ಟೇ ಬಂಡವಾಳ. ಹುಡುಗಿಯ ಪಾತ್ರಕ್ಕೆ ತನ್ನ ಆರು ವರ್ಷದ ಮಗಳ ಹೆಸರನ್ನೇ ಇಟ್ಟಿದ್ದ: ನೆರೀನಾ. ಅವತ್ತು ಶಾಲೆಗೆ ರಜೆ. ಮಗಳು ಗಾಜಿನಾಚೆ, ರೆಕಾರ್ಡಿಂಗ್ ಮಾಡುವ ನಾಂದೊನ ಪಕ್ಕ ಕೂತು ಸುಟ್ಟ ಚೆಸ್ಟ್‌ನಟ್ ಬೀಜ ಸುಲಿದು ತಿನ್ನುತ್ತಿದ್ದಳು.

"ಇದು ನಿಮಗೆಲ್ಲಿ ಸಿಕ್ತು?" ಎಂದಳು ಎರ್ಸಿಲಿಯಾ.

"ಶೂಟಿಂಗ್ ಮಾಡಿದ ಹಳ್ಳೀಲಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಬ್ಬ ಮುದುಕಿ ಮೊಮ್ಮಗಳಿಗೆ ಹೇಳ್ಕೊಡ್ತಿದ್ಳು. ಬಾಗಿಲ ಹಿಂದೆ ನಿಂತು ಬರ್ಕೊಂಡೆ."

"ಅಯ್ಯೋ ದೇವರೇ. ಕದ್ರಾ? ನಾನೂ ಆ ಕಡೆಯವಳೇ. ಇದು ಗಂಟಲು ಕಟ್ಟೋ ಮಾಟ. ಯಾರ ಹೆಸರು ಸೇರಿಸಿ ಮೂರು ಸಲ ಹೇಳ್ತೀರೋ ಅವರಿಗೆ ತಗಲತ್ತೆ. ದೊಡ್ಡೋರಿಗೆ ದನಿ ಹೋಗತ್ತೆ. ಮಕ್ಕಳಿಗೆ ಉಸಿರೇ ಹೋಗತ್ತೆ."

"ಅಜ್ಜಿ ಕತೆ! ಹದಿನೆಂಟು ದಿನ ಶೂಟಿಂಗ್ ಮಾಡಿದ್ವಲ್ಲ, ಯಾರಿಗೇನಾಯ್ತು?"

"ಅಲ್ಲಿ ಪಾತ್ರ ಮಾಡಿದ ಹುಡುಗಿ ತುಟಿ ಆಡಿಸೋಕೆ ಬರೀ ಒಂದು, ಎರಡು, ಮೂರು ಅಂತ ಎಣಿಸಿದ್ಳು. ಮಾತು ರೋಮಿನಲ್ಲಿ ತುಂಬ್ಕೋತೀವಿ ಅಂದವರು ನೀವೇ. ಹೆಸರು ಸೇರಿಸಿ ಇದನ್ನ ಇನ್ನೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೆಸರಾದ್ರೂ ಬದಲಾಯ್ಸಿ."

"ಪಾದ್ರಿಯ ಡಬ್ಬಿಂಗ್ ಮುಗಿದು, ಆಗಲೇ ನಲವತ್ತು ಸಲ ನೆರೀನಾ ಅಂತ ಕೂಗಿ ಆಗಿದೆ. ನೀವು ಸುಮ್ನೆ ಕೂತ್ಕೊಳಿ ಎರ್ಸಿಲಿಯಮ್ಮ. ದೆವ್ವದ ದನಿ ತಾನೆ, ನಾನೇ ಕೊಡ್ತೀನಿ."

ದೀಪ ಆರಿತು. ಒಂದೇ ದೃಶ್ಯ ಮತ್ತೆಮತ್ತೆ ಬರಲೆಂದು ಉಂಗುರದಂತೆ ಅಂಟಿಸಿದ ಫಿಲ್ಮಿನ ತುಂಡು ಪ್ರೊಜೆಕ್ಟರಿನಲ್ಲಿ ಕಟಕಟ ಎನ್ನುತ್ತಾ ಸುತ್ತತೊಡಗಿತು. ಸದ್ದು ತಡೆಯಲು ಗೋಡೆಗೆ ಹೊದಿಸಿದ ಮುಗ್ಗಲು ಕಂಬಳಿಯ ವಾಸನೆ, ಬಿಸಿಯಾದ ಫಿಲ್ಮಿನ ವಾಸನೆ. ಪರದೆಯ ಮೇಲೆ ಹುಡುಗಿ ಬಾಯಿ ತೆರೆದಳು. ಕೊರಾದೊ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದನಿ ಒರಟು ಮಾಡಿ, ನೆರೀನಾ ಹೆಸರು ಸೇರಿಸಿ ಚೀಟಿ ಓದಿದ. ಹುಡುಗಿಯ ತುಟಿ ಮುಂದೆ ಹೋಯಿತು, ಅವನ ಮಾತು ಹಿಂದೆ ಉಳಿಯಿತು.

"ಮತ್ತೆ."

ಎರಡನೆಯ ಸಲ ಎಲ್ಲಿಂದಲೋ ಕೂದಲು ಸುಟ್ಟ ನಾತ ಬಂತು. ಅವನು ಲೆಕ್ಕಿಸಲಿಲ್ಲ. ಎರ್ಸಿಲಿಯಾ ತೋಳು ಹಿಡಿದು ಎಳೆದಳು, ಅವನು ಕೊಡವಿಕೊಂಡ. ಮೂರನೆಯ ಸಲ ಮಾತು ತುಟಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಆ ಖುಷಿಗೆ ಅವನ ಮೈ ಜುಂ ಎಂದಿತು.

ಗಾಜು ದಬದಬ ಸದ್ದು ಮಾಡಿತು. ನಾಂದೊ. ಎರಡೂ ಕೈಯಲ್ಲಿ ಬಡಿಯುತ್ತಿದ್ದ.

ಕೊರಾದೊ ಓಡಿದ. ನೆರೀನಾ ನೆಲದ ಮೇಲಿದ್ದಳು. ತುಟಿ ನೀಲಿ. ಕಣ್ಣು ತೆರೆದೇ ಇದೆ. ಎದೆ ಏರುತ್ತಿಲ್ಲ.

"ಚೆಸ್ಟ್‌ನಟ್ ಸಿಕ್ಕಿಹಾಕ್ಕೊಂಡಿದೆ! ಬೆನ್ನಿಗೆ ಗುದ್ದು!"

"ಗುದ್ದಿದೆ ಸಾರ್. ಬಾಯೊಳಗೆ ಬೆರಳು ಹಾಕಿ ನೋಡ್ದೆ. ಏನೂ ಇಲ್ಲ. ಏನೂ ಇಲ್ಲ!"

ಕೊರಾದೊ ಹಿಂದೆಯೇ ಓಡಿಬಂದ ಎರ್ಸಿಲಿಯಾಳ ಕಾಲ ಬಳಿ ಬಿದ್ದ. "ಬಿಚ್ಚಿ! ನಿಮ್ಮ ದಮ್ಮಯ್ಯ, ಬಿಚ್ಚಿ!"

"ಬಿಚ್ಚೋಕೆ ನನಗೆ ಬರಲ್ಲ. ಇನ್ನೊಬ್ಬರ ಮೇಲೆ ಹಾಕ್ಬೋದು ಅಷ್ಟೆ. ಬೇರೆ ಹೆಸರು ಹೇಳಿ. ಬೇಗ!"

ಅವನು ಯೋಚಿಸಲಿಲ್ಲ, ಅದೊಂದನ್ನು ಮೆಚ್ಚಲೇಬೇಕು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತನ್ನದೇ ಹೆಸರು ಹಾಕಿ ಹೇಳಿದ. ಒಮ್ಮೆ. ಗಂಟಲು ಕೆರೆಯಿತು. ಎರಡನೆಯ ಸಲ. ಯಾರೋ ಒಳಗಿನಿಂದ ಹೆಬ್ಬೆರಳು ಒತ್ತಿದರು. ನೆರೀನಾಳ ಉಗುರೂ ನೀಲಿ. ಮೂರನೆಯ ಸಲ. ಮಾತು ಬಾಯಿಂದ ಹೊರಬರಲು ಒಲ್ಲದು. ನೂಕಿದ. ಕಣ್ಣಿಗೆ ಕತ್ತಲೆ ಕವಿಯಿತು. ನೂಕಿದ. ಹೆಸರಿನ ಕೊನೆಯ ಅಕ್ಷರ ಉಸಿರಿನಷ್ಟೇ ಆಗಿ ಹೊರಬಿತ್ತು.

ನೆರೀನಾ ದೊಡ್ಡದಾಗಿ ಉಸಿರೆಳೆದಳು. ಕೆಮ್ಮಿದಳು. ಅತ್ತಳು. ನಾಂದೊ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಗೆ ಒರಗಿದ.

ಕೊರಾದೊ ಮಗಳ ಮುಖ ಎರಡೂ ಕೈಯಲ್ಲಿ ಹಿಡಿದ. ತುಟಿ ಆಡಿತು. ಏನೂ ಕೇಳಿಸಲಿಲ್ಲ. ಮತ್ತೆ ಆಡಿತು. ಕತ್ತಿನ ನರ ಉಬ್ಬಿದವು, ಅಷ್ಟೆ.

"ಪಪ್ಪಾ? ಏನಂತೀಯ?"

ಎರ್ಸಿಲಿಯಾ ಪಕ್ಕದಲ್ಲಿ ಮಂಡಿಯೂರಿ ಅವನ ತುಟಿಯನ್ನೇ ನೋಡುತ್ತಾ, ಒಂದಕ್ಷರವೂ ಹಿಂದುಮುಂದಾಗದಂತೆ, ಮೆಲ್ಲಗೆ ದನಿ ಕೊಟ್ಟಳು: "ಹೆದರ್ಬೇಡ ಪುಟ್ಟಿ. ಪಪ್ಪಾ ಇಲ್ಲೇ ಇದೀನಿ."

ಅಪ್ಪನ ಬಾಯಿಂದ ಹೆಂಗಸಿನ ದನಿ ಕೇಳಿದ ಮಗು ಚಿಟ್ಟನೆ ಚೀರಿತು. ಅವನ ಕೈ ಕಿತ್ತುಕೊಂಡು, ತೆವಳುತ್ತಾ ಹಿಂದೆ ಸರಿದು, ನಾಂದೊನ ಕಾಲು ತಬ್ಬಿಕೊಂಡಿತು.

"ಇದು ನಮ್ಮ ಪಪ್ಪಾ ಅಲ್ಲ," ಎಂದು ಬಿಕ್ಕಿತು. "ಇದನ್ನ ಆಚೆ ಕಳಿಸು ಅಂಕಲ್."